ಮರದ ಪಟ್ಟಿಯ ಕಯಾಕ್: ಮನೆಯಲ್ಲೇ ದೋಣಿ ಕಟ್ಟಿದ ಅನುಭವ

೨೦೨೩ರ ಏಪ್ರಿಲ್ ಮೊದಲ ವಾರದಿಂದ ಮೇ ಕೊನೆಯವರೆಗೆ ನಾನು ಸಂಘದ ಕೆಲಸಕ್ಕೆ ರಜೆ ಹಾಕಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿರುವ ಮಗನ ಮನೆಗೆ ಹೋಗಿದ್ದ ವಿಷಯ ಸದಸ್ಯ ಬಂಧುಗಳಿಗೆ ತಿಳಿದೇ ಇದೆ. ಹಿಂತಿರುಗಿದ ಮೇಲೆ ಮಾರಾಟದ ದಿನ ಅಂಗಳದಲ್ಲಿ ಸಿಕ್ಕವರೆಲ್ಲ ‘ಅಲ್ಲಿ ಏನೇನು ನೋಡಿದಿರಿ?’ ಎಂದು ಕೇಳುತ್ತಿದ್ದರು. ನಯಾಗರ ನೋಡಿದೆ, ನ್ಯೂಯಾರ್ಕ್ ನೋಡಿದೆ ಎಂದು ಹೇಳಿಕೊಳ್ಳಲು ನನ್ನ ಬಳಿ ಏನೂ ಇರಲಿಲ್ಲ. ಏಳು ವಾರಗಳಲ್ಲಿ ಹೆಚ್ಚಿನ ದಿನ ಕಳೆದದ್ದು ಮಗನ ಮನೆಯ ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಕೈಯಲ್ಲಿ ಹತ್ತರಿ ಹಿಡಿದುಕೊಂಡು. ಅವನು ಕಟ್ಟುತ್ತಿದ್ದ ಕಯಾಕ್ ಎಂಬ ಸಣ್ಣ ದೋಣಿಗೆ ನಾನು ಸಹಾಯಕ ಬಡಗಿಯಾಗಿದ್ದೆ. ಆ ಕೆಲಸದ ವಿವರವನ್ನು ಬರೆದುಕೊಡಿ ಎಂದು ಪತ್ರಿಕೆಯವರು ಬಹಳ ದಿನದಿಂದ ಕೇಳುತ್ತಿದ್ದರು. ಕಾಫಿಗೂ ಅಡಿಕೆಗೂ ಸಂಬಂಧವಿಲ್ಲದ ವಿಷಯವಾದರೂ ಮರ, ಅಂಟು, ತಾಳ್ಮೆ ಈ ಮೂರೂ ನಮಗೆ ಹೊಸವಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಕಯಾಕ್ ಎಂದರೇನು?

ಉತ್ತರ ಧ್ರುವದ ಸುತ್ತಲಿನ ಹಿಮಪ್ರದೇಶದ ಇನ್ಯೂಟ್ ಜನರು ಸಮುದ್ರದಲ್ಲಿ ಸೀಲ್ ಬೇಟೆಯಾಡಲು ಮಾಡಿಕೊಂಡ ದೋಣಿ ಇದು. ಹೆಸರೂ ಅವರ ಭಾಷೆಯದೇ. ಅಲ್ಲಿ ಮರ ಬೆಳೆಯುವುದಿಲ್ಲ. ಕಡಲು ತಂದು ದಡಕ್ಕೆ ಹಾಕಿದ ಮರದ ತುಂಡುಗಳಿಂದ ಚೌಕಟ್ಟು ಕಟ್ಟಿ, ಮೇಲೆ ಸೀಲ್ ಚರ್ಮ ಹೊದಿಸಿ ಹೊಲಿಯುತ್ತಿದ್ದರು. ತುಂಗಭದ್ರೆಯಲ್ಲಿ ಬಿದಿರಿನ ಹೆಣಿಗೆಯ ಮೇಲೆ ಚರ್ಮ ಹೊದಿಸಿ ಹರಿಗೋಲು ಮಾಡುತ್ತಿದ್ದುದನ್ನು ಬಲ್ಲವರಿಗೆ ಈ ಉಪಾಯ ಅಪರಿಚಿತವೇನಲ್ಲ. ಹರಿಗೋಲು ದುಂಡು, ಬಾಯಿ ತೆರೆದದ್ದು. ಕಯಾಕ್ ಉದ್ದ, ಕಿರಿದು, ಮೇಲ್ಭಾಗವೂ ಮುಚ್ಚಿದ್ದು. ನಡುವೆ ಒಬ್ಬ ಮನುಷ್ಯ ಕೂರುವಷ್ಟು ಮಾತ್ರ ಕಿಂಡಿ. ಎರಡು ತುದಿಗೂ ಎಲೆ ಇರುವ ಒಂದೇ ಹುಟ್ಟಿನಿಂದ ಎಡಕ್ಕೂ ಬಲಕ್ಕೂ ನೀರು ತಳ್ಳುತ್ತಾ ಹೋಗುವುದು.

ಈಗ ಅಂಗಡಿಯಲ್ಲಿ ಸಿಗುವ ಕಯಾಕುಗಳು ಬಹುತೇಕ ಪ್ಲಾಸ್ಟಿಕ್ಕಿನವು. ಆದರೂ ಅಮೆರಿಕ, ಕೆನಡಾಗಳಲ್ಲಿ ಮನೆಯಲ್ಲೇ ಮರದ ದೋಣಿ ಕಟ್ಟಿಕೊಳ್ಳುವ ಹವ್ಯಾಸಿಗಳು ಸಾವಿರಾರು ಮಂದಿ ಇದ್ದಾರೆ. ಅವರು ಅನುಸರಿಸುವ ಪಟ್ಟಿ ಜೋಡಣೆಯ ವಿಧಾನ ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇದೇ ಮಿನ್ನೆಸೋಟದ ಕನೂ ಪಂದ್ಯಗಾರರ ಕೈಯಲ್ಲಿ ಬೆಳೆಯಿತು. ಕನೂ ಎಂದರೆ ಮೇಲೆ ತೆರೆದ ದೋಣಿ. ಹಗುರವಾದ ದೋಣಿ ಬೇಕೆಂದು ಅವರು ತೆಳು ಪಟ್ಟಿಗಳನ್ನು ಅಂಟಿಸಿ, ಮೇಲೆ ಗಾಜಿನೆಳೆಯ ಬಟ್ಟೆಯನ್ನು ರಾಳದಿಂದ ಕೂರಿಸಿದರು. ಕೆನಡಾದ ಟೆಡ್ ಮೂರ್ಸ್ ಎಂಬ ದೋಣಿಗಾರರು ೧೯೮೩ರಲ್ಲಿ ಪ್ರಕಟಿಸಿದ ‘ಕನೂಕ್ರಾಫ್ಟ್’ ಎಂಬ ಪುಸ್ತಕ ಈ ವಿದ್ಯೆಯನ್ನು ಸಾಮಾನ್ಯ ಗೃಹಸ್ಥರಿಗೂ ತಲುಪಿಸಿತು. ಕಯಾಕಿಗೂ ವಿಧಾನ ಅದೇ.

ಹಲಗೆಯಲ್ಲ, ಪಟ್ಟಿ

ಮೀನಿನಂತೆ ಎಲ್ಲ ಕಡೆಯಲ್ಲೂ ಬಾಗಿರುವ ಒಡಲನ್ನು ಅಗಲವಾದ ಹಲಗೆಯಿಂದ ಮಾಡುವುದು ಪಳಗಿದ ಬಡಗಿಯ ಕೆಲಸ. ಹಲಗೆ ಒಂದು ದಿಕ್ಕಿಗೆ ಬಾಗುತ್ತದೆ, ಎರಡು ದಿಕ್ಕಿಗೆ ಬಾಗುವುದಿಲ್ಲ. ಅದೇ ಹಲಗೆಯನ್ನು ಕಿರಿದಾದ ಪಟ್ಟಿಗಳಾಗಿ ಸೀಳಿದರೆ ಪ್ರತಿ ಪಟ್ಟಿಯೂ ಬಾಗುತ್ತದೆ, ತಿರುಚಿಕೊಳ್ಳುತ್ತದೆ, ಹೇಳಿದ ಮಾತು ಕೇಳುತ್ತದೆ. ಅಡಿಕೆ ಮರದ ದಬ್ಬೆ ಸೀಳಿ ಬೇಲಿಗೂ ಚಪ್ಪರಕ್ಕೂ ಬಳಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮಗನ ದೋಣಿಯ ಉದ್ದ ೧೭ ಅಡಿ, ಅಗಲ ೨೨ ಅಂಗುಲ. ಪಟ್ಟಿಯ ಅಗಲ ಮುಕ್ಕಾಲು ಅಂಗುಲ, ದಪ್ಪ ಕಾಲು ಅಂಗುಲ. ಅಂದರೆ ನಮ್ಮ ಮಾಡಿನ ರೀಪಿಗಿಂತಲೂ ತೆಳು. ಮರ ವೆಸ್ಟರ್ನ್ ರೆಡ್ ಸೀಡರ್. ಶಾಂತಸಾಗರದ ಕಡೆಯ ವಾಷಿಂಗ್ಟನ್, ಬ್ರಿಟಿಷ್ ಕೊಲಂಬಿಯಾ ಕಾಡುಗಳಲ್ಲಿ ಬೆಳೆಯುವ ಇದು ಬಹಳ ಹಗುರ, ನೇರ ಎಳೆ, ಬೇಗ ಕೊಳೆಯುವುದಿಲ್ಲ. ಆದರೆ ಇದರ ಹುಡಿ ಶ್ವಾಸಕ್ಕೆ ಕೆಟ್ಟದ್ದು. ಕೆಲವರಿಗೆ ಉಬ್ಬಸವನ್ನೇ ತರುತ್ತದೆ. ಆದ್ದರಿಂದ ಮುಖಗವಸು ಹಾಕಿಕೊಂಡೇ ಸೀಳುತ್ತಿದ್ದೆವು.

ಮುಕ್ಕಾಲು ಅಂಗುಲ ದಪ್ಪದ ಹಲಗೆಯಿಂದ ಕಾಲು ಅಂಗುಲದ ಪಟ್ಟಿಯನ್ನು ಸೀಳುವಾಗ ಗರಗಸದ ಬಾಯಿ ಅರೆಕಾಲು ಅಂಗುಲ ದಪ್ಪವಿದ್ದರೆ ಮೂರರಲ್ಲಿ ಒಂದು ಪಾಲು ಮರ ಹುಡಿಯಾಗಿ ಹೋಗುತ್ತದೆ. ತೆಳು ಅಲಗಿನ ಗರಗಸ ಹಾಕಿದಷ್ಟೂ ಮರ ಉಳಿತಾಯ. ಸೀಳಿದ ಪಟ್ಟಿಯ ಒಂದು ಅಂಚನ್ನು ಯಂತ್ರದಿಂದ ದುಂಡಗೆ ಮಾಡುತ್ತಾರೆ, ಇನ್ನೊಂದು ಅಂಚಿನಲ್ಲಿ ಅದೇ ಅಳತೆಯ ಹಳ್ಳ ತೆಗೆಯುತ್ತಾರೆ. ಒಂದು ಪಟ್ಟಿಯ ದುಂಡಂಚು ಇನ್ನೊಂದರ ಹಳ್ಳದೊಳಗೆ ಕೂರುತ್ತದೆ. ಮೊಣಕಾಲಿನ ಕೀಲಿನಂತೆ ಸ್ವಲ್ಪ ಆಚೀಚೆ ತಿರುಗಿದರೂ ಸಂದು ಕಾಣುವುದಿಲ್ಲ.

ಅಚ್ಚು ಮತ್ತು ಮೊದಲ ಪಟ್ಟಿ

ದೋಣಿಯನ್ನು ಮಗುಚಿ ಹಾಕಿದ ಸ್ಥಿತಿಯಲ್ಲೇ ಕಟ್ಟುವುದು. ಉದ್ದಕ್ಕೆ ಒಂದು ನೇರವಾದ ಬೆನ್ನುತೊಲೆ. ಅದರ ಮೇಲೆ ಅಡಿಗೊಂದರಂತೆ ಪ್ಲೈವುಡ್ಡಿನ ಅಚ್ಚುಗಳು. ಆಯಾ ಜಾಗದಲ್ಲಿ ದೋಣಿಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರವೇ ಪ್ರತಿ ಅಚ್ಚಿನ ಆಕಾರ. ಇವುಗಳನ್ನು ಮಗ ಚಳಿಗಾಲದಲ್ಲೇ ಮಾಡಿ ಮುಗಿಸಿದ್ದ. ಅಂಟು ಹಿಡಿಯದಿರಲೆಂದು ಅಚ್ಚಿನ ಅಂಚಿಗೆಲ್ಲ ಪಾರ್ಸೆಲ್ ಟೇಪು ಸುತ್ತಿದ್ದ. ನಾನು ಹೋದಾಗ ಊರಿನ ಕೆರೆಗಳ ಮೇಲೆ ಇನ್ನೂ ಮಂಜುಗಡ್ಡೆ ಇತ್ತು, ಶೆಡ್ಡಿನೊಳಗೆ ಈ ಅಸ್ಥಿಪಂಜರ ಸಿದ್ಧವಾಗಿ ನಿಂತಿತ್ತು.

ಮೊದಲ ಪಟ್ಟಿ ಕೂರುವುದು ಒಡಲೂ ಮೇಲ್ಮುಚ್ಚಳವೂ ಸೇರುವ ಅಂಚಿನಲ್ಲಿ. ಹಳ್ಳವಿರುವ ಅಂಚು ಮೇಲೆ ಬರಬೇಕು, ಅಂಟು ಅದರೊಳಗೆ ನಿಲ್ಲುತ್ತದೆ. ಈ ಪಟ್ಟಿಯನ್ನು ಅಚ್ಚಿನ ಗುರುತಿಗೆ ಹೊಂದಿಸಿದ ಮೇಲೆ ಅಲ್ಲಿಗೇ ಬಿಡಬಾರದು. ತುದಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಬೇಕು. ಎಲ್ಲಾದರೂ ಗೂನು ಕಂಡರೆ ಗುರುತನ್ನಲ್ಲ, ಕಣ್ಣನ್ನು ನಂಬಬೇಕು. ಮುಂದಿನ ಎಲ್ಲ ಪಟ್ಟಿಗಳೂ ಇದರ ಮೇಲೇ ಕೂರುವುದರಿಂದ ಇಲ್ಲಿನ ಗೂನು ತಳದವರೆಗೂ ಏರುತ್ತದೆ.

ಪಟ್ಟಿ ಕೂರಿಸುವ ಕ್ರಮ

ನಾವು ಅನುಸರಿಸಿದ ಕ್ರಮವನ್ನು ಅನುಕ್ರಮವಾಗಿ ಹೇಳುತ್ತೇನೆ.

ಒಂದು, ಎಡಕ್ಕೊಂದು ಬಲಕ್ಕೊಂದು. ಒಂದೇ ಬದಿಗೆ ನಾಲ್ಕಾರು ಪಟ್ಟಿ ಹಾಕಿದರೆ ಅವುಗಳ ಸೆಳೆತಕ್ಕೆ ಅಚ್ಚುಗಳು ಆ ಕಡೆಗೆ ವಾಲುತ್ತವೆ.

ಎರಡು, ಮೊದಲು ಅಂಟಿಲ್ಲದೆ ಕೂರಿಸಿ ನೋಡುವುದು. ಪಟ್ಟಿ ಪ್ರತಿ ಅಚ್ಚನ್ನೂ ಮುಟ್ಟುತ್ತದೆಯೇ, ಕೆಳಗಿನ ಹಳ್ಳದಲ್ಲಿ ಪೂರ್ತಿ ಇಳಿದಿದೆಯೇ ಎಂದು ಬೆರಳಿಟ್ಟು ನೋಡಿಕೊಂಡು ಹೋಗಬೇಕು. ಎಲ್ಲಿ ತಡೆಯುತ್ತದೆಂದು ತಿಳಿಯದಿದ್ದರೆ ಕೆಳಗಿನ ಅಂಚಿಗೆ ಸೀಮೆಸುಣ್ಣ ಸವರಿ ಪಟ್ಟಿಯನ್ನು ಒತ್ತಿ ತೆಗೆದರೆ ಸುಣ್ಣ ಹತ್ತಿದ ಜಾಗವೇ ಉಬ್ಬು. ಅಷ್ಟನ್ನೇ ಹತ್ತರಿಯಿಂದ ಸವರಬೇಕು.

ಮೂರು, ಓರೆ. ನಡುಭಾಗದಲ್ಲಿ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೂರುತ್ತವೆ. ಬದಿ ತಿರುಗಿ ತಳವಾಗುವಲ್ಲಿ ಎರಡು ಪಟ್ಟಿಗಳ ನಡುವಿನ ಕೋನ ಬದಲಾಗುತ್ತದೆ. ಕೀಲಂಚು ಸ್ವಲ್ಪ ಮಟ್ಟಿಗೆ ಇದನ್ನು ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಅಂಚನ್ನು ಓರೆಯಾಗಿ ಸವರಲೇಬೇಕು. ಈ ಓರೆ ಪಟ್ಟಿಯ ಉದ್ದಕ್ಕೂ ಒಂದೇ ಆಗಿರುವುದಿಲ್ಲ. ನಡುವೆ ಏನೂ ಇಲ್ಲದೆ ಆರಂಭವಾಗಿ ತುದಿಗೆ ಹೋಗುತ್ತಾ ಹೆಚ್ಚುತ್ತದೆ.

ನಾಲ್ಕು, ತಿರುಚು. ನಡುವೆ ತಳದಲ್ಲಿ ಮಲಗಿರುವ ಪಟ್ಟಿ ಮೂತಿಗೆ ಹೋಗುವಷ್ಟರಲ್ಲಿ ಗೋಡೆಯಂತೆ ನಿಲ್ಲಬೇಕು. ಕೊನೆಯ ಮೂರು ನಾಲ್ಕು ಅಡಿಯಲ್ಲಿ ಕಾಲು ಸುತ್ತು ತಿರುಗುವ ಪಟ್ಟಿಗಳೂ ಇವೆ. ಬಲವಂತ ಮಾಡಿದರೆ ಸಿಗಿಯುತ್ತದೆ. ಬಿಸಿಗಾಳಿ ಊದುವ ಯಂತ್ರದಿಂದ ಮೆಲ್ಲನೆ ಕಾಯಿಸಿ, ಕೈಯಿಂದ ತಿರುವಿ, ತಣಿಯುವವರೆಗೆ ಹಿಡಿದುಕೊಂಡರೆ ಮರ ಹೊಸ ಆಕಾರಕ್ಕೆ ಒಗ್ಗುತ್ತದೆ.

ಐದು, ಇಷ್ಟೆಲ್ಲ ಆದ ಮೇಲೆ ಅಂಟು. ಬಡಗಿಗಳ ಹಳದಿ ಅಂಟನ್ನು ಹಳ್ಳದೊಳಗೆ ಸಣ್ಣ ಎಳೆಯಾಗಿ ಬಿಟ್ಟು, ಪಟ್ಟಿ ಕೂರಿಸಿ, ಪ್ರತಿ ಅಚ್ಚಿನ ಮೇಲೆ ಒಂದು ಸ್ಟೇಪಲ್ ಪಿನ್ನು ಹೊಡೆಯುವುದು. ಪಿನ್ನಿನ ತೂತುಗಳು ಕೊನೆಗೆ ಚುಕ್ಕೆಗಳಾಗಿ ಉಳಿಯುತ್ತವೆ. ಅದು ಬೇಡವೆನ್ನುವವರು ಪಿನ್ನಿಲ್ಲದೆ ಕ್ಲಾಂಪು, ರಬ್ಬರ್ ಪಟ್ಟಿ, ಟೇಪುಗಳಿಂದಲೇ ಬಿಗಿಯುತ್ತಾರೆ. ಅದಕ್ಕೆ ಸಮಯ ಬಹಳ ಬೇಕು. ಹೊರಬಂದ ಅಂಟನ್ನು ಹಸಿ ಇರುವಾಗಲೇ ಒರೆಸಬೇಕು. ಮುಖ್ಯವಾಗಿ ಮೇಲಿನ ಹಳ್ಳಕ್ಕೆ ಬಿದ್ದ ಅಂಟನ್ನು ಬಿಡಲೇಬಾರದು. ಈ ಕೊನೆಯ ಮಾತನ್ನು ನಾನು ಕಲಿತದ್ದು ಹೇಗೆಂದು ಮುಂದೆ ಹೇಳುತ್ತೇನೆ.

ನಾನು ಮಾಡಿದ ತಪ್ಪು

ಸಂಜೆ ಮಗ ಕಚೇರಿಯಿಂದ ಬಂದ ಮೇಲೆ ಇಬ್ಬರೂ ಸೇರಿ ದಿನಕ್ಕೆ ಒಂದೆರಡು ಪಟ್ಟಿ ಕೂರಿಸುತ್ತಿದ್ದೆವು. ೧೮ ಅಡಿ ಉದ್ದದ ಪಟ್ಟಿಗೆ ಇಬ್ಬರು ಬೇಕೇ ಬೇಕು. ಹಗಲು ನಾನು ಒಬ್ಬನೇ ಸೀಳುವುದು, ಸವರುವುದು ಮಾಡುತ್ತಿದ್ದೆ. ಏಪ್ರಿಲ್ ಕೊನೆಯ ಹೊತ್ತಿಗೆ ನನಗೆ ಆತುರ ಹತ್ತಿತು. ಮುಂಗಾರಿನ ಮೊದಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮೇ ಕೊನೆಗೆ ಊರಿನಲ್ಲಿರಲೇಬೇಕು. ದೋಣಿ ನೀರಿಗಿಳಿಯುವುದನ್ನು ನೋಡಿಯೇ ಹೊರಡಬೇಕೆಂಬ ಆಸೆ ಬೇರೆ. ಒಂದು ಬುಧವಾರ ಮಧ್ಯಾಹ್ನ, ಒಬ್ಬನೇ ಏಕೆ ಒಂದು ಪಟ್ಟಿ ಹಾಕಿಬಿಡಬಾರದು ಎನ್ನಿಸಿತು. ಬಲಬದಿಯ ಒಂಬತ್ತನೆಯ ಪಟ್ಟಿ. ಹಿಂದಿನ ತುದಿಯನ್ನು ಹಗ್ಗಕ್ಕೆ ನೇತುಹಾಕಿ, ಅಂಟಿಲ್ಲದೆ ನೋಡುವ ಶಾಸ್ತ್ರವನ್ನು ಬಿಟ್ಟು, ನೇರ ಅಂಟು ಹಾಕಿ ಕೂರಿಸುತ್ತಾ ಹೋದೆ. ಮೂತಿಯಿಂದ ಮೂರನೆಯ ಅಚ್ಚಿನ ಹತ್ತಿರ ಪಟ್ಟಿ ಕೂದಲೆಳೆಯಷ್ಟು ಎದ್ದು ನಿಂತಿತು. ಕೈಯಿಂದ ಒತ್ತಿದೆ, ಕೂರಲಿಲ್ಲ. ಎರಡು ಪಿನ್ನು ಹೆಚ್ಚಿಗೆ ಹೊಡೆದೆ, ಕೂತಿತು. ಸಂಜೆ ಮಗ ನೋಡಿ ‘ಅಪ್ಪಯ್ಯ, ಒಬ್ಬರೇ ಹಾಕಿಬಿಟ್ಟಿರಾ!’ ಎಂದು ಮೆಚ್ಚಿಕೊಂಡ. ನಾನು ಸುಮ್ಮನಿದ್ದೆ.

ಹತ್ತನೆಯ ಪಟ್ಟಿ ಅಲ್ಲೇ ಸ್ವಲ್ಪ ಮೊಂಡು ಹಿಡಿಯಿತು. ಹನ್ನೊಂದನೆಯದಕ್ಕೂ ಪಿನ್ನು ಹೆಚ್ಚಿಗೆ ಬೇಕಾಯಿತು. ಹನ್ನೆರಡು, ಹದಿಮೂರು ಹಾಕಿದ ರಾತ್ರಿ ಮಗ ಶೆಡ್ಡಿನ ದೀಪ ಆರಿಸಿ, ಒಡಲಿನೊಳಗೆ ಒಂದು ಬಲ್ಬು ಹಿಡಿದ. ಸಂದು ಇದ್ದರೆ ಬೆಳಕು ಹೊರಗೆ ಕಾಣುತ್ತದೆ, ಇದು ಇವರು ಮಾಡುವ ಪರೀಕ್ಷೆ. ಬಲಬದಿಯ ಮೂತಿಯ ಹತ್ತಿರ ಒಂದು ಗೇಣಿನಷ್ಟು ಉದ್ದಕ್ಕೆ ಬೆಳಕಿನ ಗೆರೆ ಕಂಡಿತು. ಕೈ ಸವರಿದರೆ ಅಲ್ಲಿ ಸಣ್ಣ ಗೂನು.

‘ಪರವಾಗಿಲ್ಲ ಅಪ್ಪಯ್ಯ, ಎಪಾಕ್ಸಿಗೆ ಮರದ ಹುಡಿ ಕಲಸಿ ತುಂಬಿಬಿಡೋಣ. ಮೇಲೆ ಗಾಜಿನ ಬಟ್ಟೆ ಬರುತ್ತಲ್ಲ, ನೀರು ಒಳಗೆ ಬರಲ್ಲ’ ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಸಣ್ಣ ಸಂದನ್ನು ಎಲ್ಲರೂ ಹಾಗೆಯೇ ತುಂಬುತ್ತಾರೆ, ದೋಣಿ ಸೋರುವುದೂ ಇಲ್ಲ. ಆದರೆ ಇಲ್ಲಿ ಸಂದು ರೋಗವಲ್ಲ, ರೋಗದ ಲಕ್ಷಣ. ಗೂನನ್ನು ಉಜ್ಜಿ ಸಮ ಮಾಡಲು ಹೋದರೆ ಕಾಲು ಅಂಗುಲದ ಮರ ಅಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೇಲಿನ್ನೂ ಏಳೆಂಟು ಪಟ್ಟಿ ಬರಬೇಕು, ಪ್ರತಿಯೊಂದೂ ಅದೇ ಗೂನನ್ನು ಹೊತ್ತುಕೊಂಡೇ ಏರುತ್ತದೆ. ಸಂಘದ ಲೆಕ್ಕ ಬರೆದು ಬಲ್ಲವರಿಗೆ ಇದು ಚೆನ್ನಾಗಿ ಗೊತ್ತು. ತಾಳೆಯಾಗದ ಮೊತ್ತವನ್ನು ಅಮಾನತು ಖಾತೆಗೆ ಹಾಕಿದರೆ ಆ ದಿನಕ್ಕೆ ಪುಸ್ತಕ ಸರಿಹೋಗುತ್ತದೆ. ಅಢಾವೆ ಪತ್ರಿಕೆ ಬರೆಯುವ ದಿನ ಅದೇ ಮೊತ್ತ ಎದುರಿಗೆ ಬಂದು ಕೂರುತ್ತದೆ.

ಆದರೂ ಆ ರಾತ್ರಿ ನಾನು ಬಾಯಿ ಬಿಡಲಿಲ್ಲ. ಐವತ್ತು ದಾಟಿದ ಮನುಷ್ಯ, ಊರಿನವರ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಕಿ ಹೇಳುವವನು, ಎರಡು ಪಿನ್ನಿನ ವಿಷಯ ಹೇಳಲು ನಾಚಿಕೆಪಟ್ಟೆ. ನಿದ್ದೆಯೂ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದೆ. ‘ಒಂಬತ್ತನೆಯ ಪಟ್ಟಿಯನ್ನು ನಾನು ಒತ್ತಿ ಕೂರಿಸಿದ್ದೇನೆ. ಅಲ್ಲಿಂದ ಬಿಚ್ಚಬೇಕು.’

ಮಗ ಲೋಟ ಕೆಳಗಿಟ್ಟು ನಕ್ಕ. ‘ಎಡಬದಿಯ ಏಳನೆಯದನ್ನು ನಾನೂ ಹಾಗೇ ಒತ್ತಿದ್ದೇನೆ ಅಪ್ಪಯ್ಯ. ನಿಮಗೆ ಹೇಳಿರಲಿಲ್ಲ.’

ಆ ಶನಿವಾರ ಎರಡೂ ಬದಿ ಬಿಚ್ಚಲು ಕೂತೆವು. ಹಳದಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಬಿಸಿಗಾಳಿ ಹಿಡಿದು, ತೆಳು ಚಾಕುವನ್ನು ಸಂದಿಗೆ ತೂರಿಸಿ, ಅಂಗುಲ ಅಂಗುಲವಾಗಿ ಬಿಡಿಸಬೇಕು. ಪಟ್ಟಿಗಳನ್ನು ಪೂರ್ತಿ ತೆಗೆಯಲಿಲ್ಲ. ಮೂತಿಯಿಂದ ಐದಾರು ಅಡಿಗೆ ಓರೆಯಾಗಿ ಕತ್ತರಿಸಿ, ಅಷ್ಟಕ್ಕೆ ಮಾತ್ರ ಹೊಸ ತುಂಡು ಹಾಕಿದೆವು. ಓರೆಗತ್ತರಿಯ ಉದ್ದ ದಪ್ಪದ ಎಂಟರಷ್ಟಿರಬೇಕು, ಅಂದರೆ ಕಾಲು ಅಂಗುಲದ ಪಟ್ಟಿಗೆ ಎರಡು ಅಂಗುಲ. ಕೂಡುಗಳೆಲ್ಲ ಒಂದೇ ಸಾಲಿಗೆ ಬಾರದಂತೆ ಹಿಂದುಮುಂದಾಗಿ ಇಟ್ಟೆವು.

ನನ್ನ ಒಂಬತ್ತನೆಯ ಪಟ್ಟಿ ಎದ್ದಾಗ ಕೆಳಗಿನ ಹಳ್ಳದಲ್ಲಿ ಕಂಡದ್ದು ಒಣಗಿ ಗಟ್ಟಿಯಾದ ಒಂದು ಅಂಟಿನ ಹನಿ. ರಾಗಿ ಕಾಳಿನಷ್ಟಿತ್ತು. ಎಂಟನೆಯದನ್ನು ಹಾಕಿದ ದಿನ ಒರೆಸದೆ ಬಿಟ್ಟದ್ದು. ಉಳಿಯ ತುದಿಯಿಂದ ಕೆರೆದರೆ ಅರ್ಧ ನಿಮಿಷದ ಕೆಲಸ. ಅದನ್ನು ಅಂದು ಮಾಡದ್ದಕ್ಕೆ ನಮಗೆ ತಗುಲಿದ್ದು ಐದು ಪಟ್ಟಿಯ ಮರ ಮತ್ತು ಎರಡು ದಿನ. ಮಗನ ಎಡಬದಿಯಲ್ಲಿ ಹನಿ ಇರಲಿಲ್ಲ, ಓರೆ ಸಾಲದೇ ಹೋಗಿತ್ತು. ಅದಕ್ಕೆ ಇನ್ನೂ ಮೂರು ದಿನ.

ಕೊನೆಯ ಪಟ್ಟಿ

ಒಡಲಿನ ಸುತ್ತಳತೆ ನಡುವೆ ಹೆಚ್ಚು, ತುದಿಗಳಲ್ಲಿ ಕಡಿಮೆ. ಹೀಗಾಗಿ ಬದಿಯ ಪಟ್ಟಿಗಳು ತಳಕ್ಕೆ ಏರುವಷ್ಟರಲ್ಲಿ ನಡುವೆ ಬಾಳೆಹೂವಿನ ಎಸಳಿನಂಥ ಜಾಗ ಉಳಿಯುತ್ತದೆ. ಅಲ್ಲಿ ಎಡಬದಿಯ ಪಟ್ಟಿಗಳನ್ನು ನಡುಗೆರೆಗಿಂತ ಸ್ವಲ್ಪ ಆಚೆಗೇ ಬಿಟ್ಟು, ದಾರ ಕಟ್ಟಿ ಗೆರೆ ಎಳೆದು, ಗೆರೆಗೆ ಸರಿಯಾಗಿ ಕತ್ತರಿಸಿದೆವು. ಬಲಬದಿಯ ಪಟ್ಟಿಗಳ ತುದಿಯನ್ನು ಒಂದೊಂದಾಗಿ ಚೂಪು ಮಾಡಿ ಆ ಗೆರೆಗೆ ಹೊಂದಿಸಿದೆವು. ಇಲ್ಲಿ ಗರಗಸಕ್ಕೆ ಕೆಲಸ ಕಡಿಮೆ. ತುಸು ಉದ್ದವಾಗಿ ಕತ್ತರಿಸಿಕೊಂಡು ಹತ್ತರಿಯಿಂದ ಒಂದೊಂದೇ ಸುರುಳಿ ಎಬ್ಬಿಸುತ್ತಾ ಕೂರಿಸಿ ನೋಡುವುದು, ಮತ್ತೆ ತೆಗೆದು ಸವರುವುದು. ಹೆಚ್ಚಿದ್ದರೆ ತೆಗೆಯಬಹುದು, ತೆಗೆದ ಮೇಲೆ ಸೇರಿಸಲಾಗದು.

ಕೊನೆಯ ಪಟ್ಟಿಗೆ ಎರಡು ತುದಿಯೂ ಚೂಪು, ಎರಡು ಬದಿಯೂ ಬಿಗಿ. ಒಂದೇ ತುಂಡಿನಲ್ಲಿ ಎರಡು ತುದಿಗಳನ್ನೂ ಹೊಂದಿಸುವುದು ಕಷ್ಟ. ಅದಕ್ಕೆ ಎರಡು ತುಂಡು ಮಾಡಿ, ಮೊದಲು ಚೂಪು ತುದಿಗಳನ್ನು ಹೊಂದಿಸಿ, ಆಮೇಲೆ ನಡುವೆ ಓರೆಗೂಡು ಹಾಕಿದೆವು. ಹಳ್ಳದೊಳಗೆ ಜಾರಿಸಲು ಎಡೆಯಿಲ್ಲದ್ದರಿಂದ ದುಂಡಂಚನ್ನು ಸವರಿ ಆಪಿನಂತೆ ಸ್ವಲ್ಪ ಓರೆ ಮಾಡಿ ಮೇಲಿನಿಂದ ಇಳಿಸಿದೆವು. ಅಂಗೈಯಿಂದ ಒಮ್ಮೆ ತಟ್ಟಿದರೆ ಕೂತಿತು. ಪಿನ್ನು ಬೇಕಾಗಲಿಲ್ಲ.

ಆ ದೇಶದ ದೋಣಿಗಾರರಲ್ಲಿ ಕೊನೆಯ ಹಲಗೆಗೆ ‘ವಿಸ್ಕಿ ಹಲಗೆ’ ಎಂಬ ಹೆಸರಿದೆ. ಅದು ಕೂತ ಮೇಲೆ ಎಲ್ಲರಿಗೂ ಒಂದೊಂದು ಲೋಟ ಸುರಿಯುವುದು ಸಂಪ್ರದಾಯ. ನಮ್ಮಲ್ಲಿ ಅಂದು ಸುರಿದದ್ದು ನಾನು ಊರಿನಿಂದ ಒಯ್ದಿದ್ದ ನಮ್ಮದೇ ತೋಟದ ಕಾಫಿ.

ಅದು ನಾನು ಹೊರಡುವ ಹಿಂದಿನ ಸಂಜೆ. ಉಳಿದದ್ದನ್ನು ಮಗ ಒಬ್ಬನೇ ಮಾಡಿದ. ಪಿನ್ನು ಕಿತ್ತು, ಹತ್ತರಿ ಹಿಡಿದು, ಮರಳುಕಾಗದ ಉಜ್ಜಿ, ಗಾಜಿನೆಳೆಯ ಬಟ್ಟೆ ಹಾಸಿ ಎಪಾಕ್ಸಿ ರಾಳ ಎಳೆಯುವುದು. ಆಮೇಲೆ ಅಚ್ಚಿನಿಂದ ಎತ್ತಿ ಒಳಗೂ ಹಾಗೆಯೇ ಮಾಡುವುದು. ಎರಡು ಬಟ್ಟೆಗಳ ನಡುವೆ ಸಿಕ್ಕಿದ ಕಾಲು ಅಂಗುಲದ ಮರಕ್ಕೆ ಆಗ ಬರುವ ಗಟ್ಟಿತನ ಬರಿಯ ಮರಕ್ಕೂ ಇಲ್ಲ, ಬರಿಯ ಬಟ್ಟೆಗೂ ಇಲ್ಲ. ಮೇಲ್ಮುಚ್ಚಳವನ್ನೂ ಇದೇ ರೀತಿ ಕಟ್ಟಿ ಒಡಲಿಗೆ ಸೇರಿಸಿದ. ಸೆಪ್ಟೆಂಬರಿನಲ್ಲಿ ದೋಣಿ ನೀರಿಗಿಳಿಯಿತು. ತೂಕ ೪೮ ಪೌಂಡು, ಅಂದರೆ ಸುಮಾರು ೨೨ ಕಿಲೋ. ಒಬ್ಬನೇ ಹೆಗಲ ಮೇಲೆ ಹೊತ್ತು ಹೋಗಬಹುದು. ನಾನು ಅದರಲ್ಲಿ ಇನ್ನೂ ಕೂತಿಲ್ಲ. ಫೋಟೋ ಕಳಿಸಿದ್ದಾನೆ. ಬಲಬದಿಯ ಮೂತಿಯನ್ನೇ ಹತ್ತಿರದಿಂದ ತೆಗೆದ ಫೋಟೋ ಒಂದು ಬೇರೆಯೇ ಇದೆ. ಗೂನು ಕಾಣುವುದಿಲ್ಲ.

ನಮ್ಮಲ್ಲಿ ಮಾಡುವುದಾದರೆ

ಮನೆಯಲ್ಲಿ ಮರಗೆಲಸದ ಆಸಕ್ತಿ ಇರುವ ಯುವಕರಿಗಾಗಿ ನಾಲ್ಕು ಮಾತು. ನಮ್ಮ ಮರಗಳಲ್ಲಿ ಗಂಧಗರಿಗೆ ಹಗುರವೂ ಹತ್ತರಿಗೆ ಮೃದುವೂ ಆದದ್ದು. ಸೀಡರಿಗಿಂತ ತೂಕ ಜಾಸ್ತಿಯಾದರೂ ನೇರ ಎಳೆಯ, ಗಂಟಿಲ್ಲದ ತುಂಡು ಸಿಕ್ಕಿದರೆ ಯೋಚಿಸಬಹುದು. ಉದ್ದದ ಪಟ್ಟಿ ಸಿಗದಿದ್ದರೆ ಓರೆಗೂಡು ಹಾಕಿಕೊಳ್ಳಬಹುದು. ಮರ ಚೆನ್ನಾಗಿ ಒಣಗಿರಬೇಕು. ನಮ್ಮ ಕಷ್ಟವೆಂದರೆ ಮರ ಒಣಗಿರುವ ಕಾಲದಲ್ಲಿ ಕೊಯ್ಲಿನಿಂದ ನಮಗೆ ಬಿಡುವಿಲ್ಲ, ನಮಗೆ ಬಿಡುವಿರುವ ಮಳೆಗಾಲದಲ್ಲಿ ಮರ ಒಣಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳೇ ಸೂಕ್ತ. ಎಪಾಕ್ಸಿಯನ್ನು ಬಿಸಿಲೇರುವಾಗ ಹಚ್ಚಬಾರದು. ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ತಂಪು ಇಳಿಯುವ ಸಂಜೆಯೇ ಸರಿ. ಬರಿಗೈಯಿಂದ ಮುಟ್ಟಬಾರದು.

ಇನ್ನೊಂದು ಮಾತು. ಮಿನ್ನೆಸೋಟದಲ್ಲಿ ಹತ್ತು ಅಡಿಗಿಂತ ಉದ್ದದ ಇಂಥ ದೋಣಿಯನ್ನೂ ನೋಂದಾಯಿಸಬೇಕು, ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ತೇಲುಜಾಕೀಟು ಇರಲೇಬೇಕು ಎಂದು ಕಾನೂನಿದೆ. ನಮ್ಮ ಹೊಳೆಗೆ ಇಳಿಯುವವರು ಕಾನೂನಿರಲಿ ಬಿಡಲಿ, ಜಾಕೀಟು ತೊಡದೆ ಇಳಿಯಬಾರದು. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಹತ್ತಿರವಂತೂ ಈ ಆಟ ಬೇಡವೇ ಬೇಡ. ಜಾರಿದರೆ ಹತ್ತಲು ಹಿಡಿತ ಸಿಗುವುದಿಲ್ಲ.

ಬಿಚ್ಚಿ ತೆಗೆದ ಒಂಬತ್ತನೆಯ ಪಟ್ಟಿಯ ಒಂದು ಅಡಿ ತುಂಡು ಸಂಘದ ಕಚೇರಿಯಲ್ಲಿ ನನ್ನ ಮೇಜಿನ ಮೇಲಿದೆ. ಹೆಚ್ಚಿಗೆ ಹೊಡೆದ ಎರಡು ಪಿನ್ನೂ ಅದರಲ್ಲೇ ಇವೆ. ದುಂಡಂಚು ಹಳ್ಳದಂಚು ಹೇಗಿರುತ್ತದೆಂದು ನೋಡಬಯಸುವ ಸದಸ್ಯರು ಮಾರಾಟದ ದಿನ ಬಂದು ನೋಡಬಹುದು.

— ಕಾರ್ಯದರ್ಶಿ